ನೋಡ್ದೆಮ್ಮನ ಹೊಗಳಿಕೆ

ನನ್ನ ಅತ್ತೆ, ಅಂದರೆ ಗಂಡನ ತಾಯಿ, ಕೈಕೆಳಗಿನವರಿಗೆ ಒಂದೇ ಒಂದು ಒಳ್ಳೆಯ ಮಾತು ಹೇಳುವವರಲ್ಲ ಎಂದು ನಮ್ಮ ಲಾಂಡ್ರಿಯ ಹೊಸ ಮ್ಯಾನೇಜರು ಮೇಲಿನವರ ಮುಂದೆ ದೂರಿದರಂತೆ. ಸುಳ್ಳು. ಹಸಿ ಸುಳ್ಳು. ಅತ್ತೆಯ ಮೇಲೆ ಸಿಟ್ಟಾಗಲು ನನಗೆ ಬೇಕಾದಷ್ಟು ಕಾರಣಗಳಿವೆ. ಒಂದೇ ಒಲೆಯ ಮುಂದೆ ಇಬ್ಬರು ಹೆಂಗಸರು ನಿಂತರೆ ಕಾರಣಗಳಿಗೇನು ಬರವೇ? ಆದರೆ ಈ ದೂರೊಂದನ್ನು ಮಾತ್ರ ನಾನು ಸಹಿಸುವವಳಲ್ಲ. ಆ ಹೆಂಗಸಿನ ಬಾಯಿಂದ ಒಂದು ಮೆಚ್ಚುಗೆ ಬೀಳಲಿ ಎಂದು ಇಸ್ತ್ರಿ ಹಾಲಿನ ಜನ ಹೇಗೆ ಕಾಯುತ್ತಿದ್ದರು ಎನ್ನುವುದನ್ನು ಕಣ್ಣಾರೆ ಕಂಡವಳು ನಾನು.

ನಮ್ಮ ಲಾಂಡ್ರಿ ಇರುವುದು ಒಂದು ದೊಡ್ಡ ಆಸ್ಪತ್ರೆಯ ಬೆನ್ನಿಗೆ. ಹಾಸಿಗೆಯ ಚಾದರ, ದಿಂಬಿನ ಕವರು, ರೋಗಿಗಳ ಅಂಗಿ, ಡಾಕ್ಟರುಗಳ ಕೋಟು, ಎಲ್ಲವೂ ಇಲ್ಲಿಗೇ ಬರುತ್ತವೆ. ಕಟ್ಟಡದ ನಡುವೆ ಒಂದು ಗೋಡೆ. ಗೋಡೆಯ ಆ ಕಡೆ ಒಗೆದು ಹಿಂಡುವ ಆಳೆತ್ತರದ ಕಬ್ಬಿಣದ ಡ್ರಮ್ಮುಗಳು. ಈ ಕಡೆ ಇಸ್ತ್ರಿ ಹಾಲು, ಎರಡು ಸಾಲು ಮೇಜು, ಮೇಜಿಗೊಬ್ಬರು. ಗೋಡೆಯ ಬುಡದಲ್ಲಿ ಅಗಲವಾದ ಕಿಂಡಿ ಇದೆ. ಒದ್ದೆ ಬಟ್ಟೆ ತುಂಬಿದ ಚಕ್ರದ ಬುಟ್ಟಿಗಳು ಅದರ ಮೂಲಕ ಉರುಳಿಕೊಂಡು ನಮ್ಮ ಕಡೆಗೆ ಬರುತ್ತವೆ. ಹಾಲಿನ ಮೂಲೆಯಲ್ಲಿ ನನ್ನ ಹೊಲಿಗೆ ಮಷೀನು. ಹರಿದದ್ದಕ್ಕೆ ತೇಪೆ ಹಾಕುವುದು ನನ್ನ ಕೆಲಸ, ಎಲ್ಲರ ಮಾತಿಗೂ ಕಿವಿ ಕೊಡುವುದು ನನ್ನ ಚಟ.

ಅತ್ತೆ ಆ ಹಾಲಿಗೆ ಕಾಲಿಟ್ಟಾಗ ನನ್ನ ಗಂಡ ಇನ್ನೂ ಅಂಬೆಗಾಲಿಡುತ್ತಿದ್ದರಂತೆ. ಮಾವ ತೀರಿಕೊಂಡ ಮೇಲೆ ಮೈದುನರ ಮನೆಯ ಬಾಗಿಲು ಕಾಯುವ ಬದಲು ಇಸ್ತ್ರಿಪೆಟ್ಟಿಗೆ ಹಿಡಿದವರು ಅವರು. ಆಯುಷ್ಯದ ಮುಕ್ಕಾಲು ಪಾಲನ್ನು ನಿಂತೇ ಕಳೆದರು. ಮಂಡಿ ಸವೆದು, ಕೂತರೆ ಏಳುವುದು ಕಷ್ಟ, ಎದ್ದರೆ ನಿಲ್ಲುವುದು ಕಷ್ಟ ಎನ್ನುವ ಹೊತ್ತಿಗೆ ಹಾಲಿನ ಮೇಲ್ವಿಚಾರಣೆ ಅವರಿಗೆ ಬಂತು. ಮೇಲ್ವಿಚಾರಕಿಗೆ ಕುರ್ಚಿ ಇದೆ. ಇಸ್ತ್ರಿ ಮಾಡುವವರು ಕೂರುವ ಹಾಗಿಲ್ಲ, ಅದು ನಿಯಮ. ಹಾಗಾಗಿ ಆ ಹುದ್ದೆ ಅತ್ತೆಗೆ ಬರೀ ಮರ್ಯಾದೆಯಾಗಿರಲಿಲ್ಲ, ಎರಡು ಮಂಡಿಗಳ ಪ್ರಶ್ನೆಯಾಗಿತ್ತು. ಅದು ಹೋದರೆ ಮತ್ತೆ ಬೆಳಗಿಂದ ಸಂಜೆಯವರೆಗೆ ಮೇಜಿನ ಮುಂದೆ ನಿಲ್ಲಬೇಕು. ಇದು ಹಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಮ್ಯಾನೇಜರಿಗೂ ಗೊತ್ತಿತ್ತು.

ಆ ಕುರ್ಚಿಯಲ್ಲಿ ಅವರು ಕೂತದ್ದೂ ಅಷ್ಟಕ್ಕಷ್ಟೇ. ಸ್ವಲ್ಪ ಹೊತ್ತು ಕೂತು ಮಂಡಿ ನೀವಿಕೊಳ್ಳುವುದು, ಎದ್ದು ಮೇಜುಗಳ ನಡುವೆ ಕುಂಟುತ್ತಾ ನಡೆಯುವುದು, ಯಾರದಾದರೂ ಮೇಜಿನ ಪಕ್ಕ ಸುಮ್ಮನೆ ನಿಂತುಬಿಡುವುದು. ಕೈ ಕಟ್ಟಿಕೊಂಡು, ತುಟಿ ಬಿಗಿದುಕೊಂಡು ಒಂದು ಚಾದರ ಹರಡಿದಲ್ಲಿಂದ ಮಡಿಸುವವರೆಗೆ ನೋಡುತ್ತಿದ್ದರು. ಹೊಸಬರು ಸರಿಯಿದ್ದ ಮಡಿಕೆಯನ್ನೂ ಬಿಚ್ಚಿ ಮತ್ತೆ ಮಡಿಸುತ್ತಿದ್ದರು. ಕೊನೆಗೆ ಅತ್ತೆ ಬಾಯಿ ಬಿಟ್ಟರೆ ಮೊದಲು ಬರುತ್ತಿದ್ದ ಮಾತು ಒಂದೇ: "ನೋಡ್ದೆ." ಆಮೇಲೆ ಏನು ನೋಡಿದೆ ಎನ್ನುವುದು ಬರುತ್ತಿತ್ತು. ಹೀಗಾಗಿ ಜನ ಅವರಿಗಿಟ್ಟ ಹೆಸರು ನೋಡ್ದೆಮ್ಮ. ಬೆನ್ನ ಹಿಂದೆ ಶುರುವಾದ ಹೆಸರು ಕ್ರಮೇಣ ಮುಖದೆದುರೇ ಬಂತು, ಅತ್ತೆಯೂ ಓಗೊಡತೊಡಗಿದರು.

ಒಂದು ಉದಾಹರಣೆ ಹೇಳುತ್ತೇನೆ. ಕಿಟಕಿ ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗಿ ಇದ್ದಾಳೆ, ಉದ್ದಜಡೆ ಅಂತಲೇ ಕರೆಯುತ್ತೇವೆ. ಮಹಾ ನಾಚಿಕೆಯವಳು, ನಾಲ್ಕು ಜನ ತನ್ನತ್ತ ತಿರುಗಿದರೆ ಸಾಕು, ಕಿವಿಯವರೆಗೂ ಕೆಂಪಾಗುತ್ತಾಳೆ. ಅತ್ತೆ ಅವಳನ್ನು ಯಾವತ್ತೂ ಎಲ್ಲರ ಮುಂದೆ ಮಾತಾಡಿಸಿದ್ದಿಲ್ಲ. ಕೈ ತೊಳೆಯುವ ನಲ್ಲಿಯ ಹತ್ತಿರ ಅವಳೊಬ್ಬಳೇ ಸಿಕ್ಕಾಗ ಹೇಳಿದರು. ನಾನು ಬಾಗಿಲ ಹಿಂದೆ ಇದ್ದೆ.

"ನೋಡ್ದೆ ಕಣೇ. ದಿಂಬಿನ ಕವರನ್ನ ಹೊಲಿಗೆ ಕಡೆಯಿಂದ ಶುರು ಮಾಡ್ತೀಯ, ಅದಕ್ಕೇ ಮೂಲೆ ಎಲ್ಲೂ ಮುದುರಲ್ಲ. ಮುದುರಿದ್ರೆ ಮಲಗಿರೋರಿಗೆ ಕೆನ್ನೆಗೆ ಒತ್ತುತ್ತೆ. ನಿನ್ನ ಕವರು ಒತ್ತಲ್ಲ."

ಅಷ್ಟೇ. ಹೇಳಿ ಕೈ ಒರೆಸಿಕೊಂಡು ಹೋದರು. ಹಿಂದೆಯೇ "ಆದರೆ" ಅಂತ ಬಾಲ ಇಲ್ಲ, "ಹಾಗೇ ನಾಳೆ ಸ್ವಲ್ಪ ಬೇಗ ಬಾ" ಅಂತ ಕೊಕ್ಕೆ ಇಲ್ಲ. ಬೈಯುವುದಿದ್ದರೆ ಬೇರೆ ದಿನ, ಕೆಲಸ ಕೇಳುವುದಿದ್ದರೆ ಬೇರೆ ಹೊತ್ತು. ಯಾಕೆ ಹಾಗೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಕೆಲಸ ಕೇಳೋಕೆ ಮುಂಚೆ ಹೊಗಳಿದ್ರೆ ಅದು ಲಂಚ ಕಣೇ" ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು. ಉದ್ದಜಡೆ ಆ ದಿನವೆಲ್ಲ ತನ್ನಷ್ಟಕ್ಕೆ ಏನೋ ಗುನುಗುತ್ತಾ ಇಸ್ತ್ರಿ ಮಾಡಿದಳು.

ಮನೆಯಲ್ಲಿ ಈ ಭಾಗ್ಯ ನನಗಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ತಟ್ಟೆ ಖಾಲಿ ಮಾಡಿ ಎದ್ದುಹೋಗುತ್ತಿದ್ದರೇ ಹೊರತು ಒಂದು ಮಾತಿಲ್ಲ. ಒಂದು ದಿನ ತಾಳಲಾರದೆ ಕೇಳಿಯೇಬಿಟ್ಟೆ, "ಅತ್ತೆ, ಇಸ್ತ್ರಿ ಹಾಲಿನಲ್ಲಿ ಎಲ್ಲರಿಗೂ ಹೇಳ್ತೀರ, ನನ್ನ ಅಡುಗೆಗೆ ಯಾಕೆ ಬಾಯಿಗೆ ಬೀಗ?" ಅತ್ತೆ ನನ್ನನ್ನೇ ದಿಟ್ಟಿಸಿ, "ಅಡುಗೆಮನೆಗೆ ನೀನು ಯಜಮಾನಿ, ಪಾತ್ರೆ ತೊಳೆಯೋಳು ನಾನು. ಯಾರು ಯಾರನ್ನ ಹೊಗಳಬೇಕು, ನೀನೇ ಹೇಳು?" ಅಂದರು. ಗಂಡ ಬಿದ್ದೂ ಬಿದ್ದೂ ನಕ್ಕರು. ಮಾರನೆಯ ದಿನ ನಾನೇ ಸೋತು, ಬಾಣಲೆಯ ತಳ ಮಿಂಚುತ್ತಿದೆ ಎಂದು ಹೇಳಬೇಕಾಯಿತು.

ಹೀಗಿರುವಾಗ ಹೊಸ ಮ್ಯಾನೇಜರು ಬಂದರು. ಕೆಟ್ಟವರೇನಲ್ಲ, ಆ ಮಾತು ನಾನು ಹೇಳುವುದಿಲ್ಲ. ಬಂದ ದಿನವೇ ನಮ್ಮನ್ನೆಲ್ಲ ಸೇರಿಸಿ, ತಮ್ಮ ಮೊದಲ ಕೆಲಸದಲ್ಲಿ ಬೆನ್ನು ತಟ್ಟುವವರೇ ಇರಲಿಲ್ಲ, ರಾಜೀನಾಮೆ ಕೊಟ್ಟ ದಿನವೂ ಯಾರೂ ತಲೆ ಎತ್ತಿ ನೋಡಲಿಲ್ಲ ಎಂದು ಹೇಳಿಕೊಂಡರು. ಇಲ್ಲಿ ಹಾಗಾಗಬಾರದು ಎಂದರು. ಇನ್ನು ಮೇಲೆ ಪ್ರತಿ ವಿಭಾಗದ ಮುಖ್ಯಸ್ಥರು ಬೆಳಿಗ್ಗೆ ಒಂದು ಸುತ್ತು ಬಂದು ಒಬ್ಬೊಬ್ಬರಿಗೂ "ಸೂಪರ್" ಅನ್ನಬೇಕು. ಶುಕ್ರವಾರ ಸಭೆ, ವಾರದ ತಾರೆಗೆ ಹೊಳೆಯುವ ಕಾರ್ಡು, ಎಲ್ಲರಿಂದ ಚಪ್ಪಾಳೆ. ನಾವು ಅವರಿಗೆ ಚಪ್ಪಾಳೆ ಸಾರ್ ಎಂದು ಹೆಸರಿಟ್ಟೆವು.

ಮೊದಮೊದಲು ನನಗೂ ಹಿತವಾಯಿತು, ಸುಳ್ಳು ಯಾಕೆ ಹೇಳಲಿ. "ಸೂಪರ್" ಅಂದರೆ ಯಾರಿಗೆ ಬೇಡ? ಆದರೆ ಒಂದು ದಿನ ಚಪ್ಪಾಳೆ ಸಾರ್ ನನ್ನ ಮೂಲೆಗೆ ಬಂದು, "ಸೂಪರ್ ಹೊಲಿಗೆ! ಹೀಗೇ ಮುಂದುವರೀಲಿ!" ಎಂದು ಹೆಬ್ಬೆರಳೆತ್ತಿ ಹೋದರು. ನಾನು ಆಗ ಚಹಾ ಕುಡಿಯುತ್ತಿದ್ದೆ. ಮಷೀನು ಕೆಟ್ಟು ಅದಕ್ಕೆ ಮುಸುಕು ಹೊದಿಸಿ ವಾರವಾಗಿತ್ತು. ಪಿತ್ತ ನೆತ್ತಿಗೇರಿತು. ಮುಂದುವರಿಯಬೇಕಾದದ್ದು ಏನು, ನನ್ನ ಚಹಾವೇ?

ಅತ್ತೆ ಮಾತ್ರ ಆ ಬೆಳಗಿನ ಸುತ್ತು ಹೊಡೆಯಲೇ ಇಲ್ಲ. ತಮ್ಮ ಪಾಡಿಗೆ ತಾವು ನಿಲ್ಲುವ ಕಡೆ ನಿಂತು, ಹೇಳುವುದಿದ್ದಾಗ ಹೇಳುತ್ತಾ ಇದ್ದರು. ಚಪ್ಪಾಳೆ ಸಾರ್ ಕರೆಸಿ ಕೇಳಿದಾಗ, "ನೋಡದೆ ಹೇಗೆ ಹೇಳ್ಲಿ ಸಾರ್?" ಅಂದು ಬಂದರು. ಮೇಲಿನವರಿಗೆ ದೂರು ಹೋದದ್ದು ಆಗಲೇ.

ಇಲ್ಲಿ ಡ್ರಮ್ಮಣ್ಣನ ವಿಷಯ ಹೇಳಬೇಕು. ಗೋಡೆಯ ಆ ಕಡೆಯ ಡ್ರಮ್ಮುಗಳನ್ನು ನಡೆಸುವವನು ಅವನು. ದಿನವಿಡೀ ಆ ಸದ್ದಿನಲ್ಲಿ ಮಾತಾಡಿದರೂ ಕೇಳದು, ಕೇಳಿದರೂ ತಿಳಿಯದು. ಹಾಗಾಗಿ ಮಾತಾಡುವ ಅಭ್ಯಾಸವೇ ತಪ್ಪಿಹೋದ ಮನುಷ್ಯ. ನಾವು ಅವನನ್ನು ನೋಡುತ್ತಿದ್ದದ್ದು ಕಿಂಡಿಯಲ್ಲಿ ಬುಟ್ಟಿ ತಳ್ಳುವ ಎರಡು ಕೈಗಳಾಗಿ ಮಾತ್ರ. ಅತ್ತೆಯೂ ಅಷ್ಟೇ. ಅವರ ಹುದ್ದೆ ಗೋಡೆಯವರೆಗೆ, ಅವರ ಕಣ್ಣೂ ಗೋಡೆಯವರೆಗೆ.

ಒಂದು ಶುಕ್ರವಾರ ವಾರದ ತಾರೆ ಎಂದು ಡ್ರಮ್ಮಣ್ಣನನ್ನು ಕರೆದರು. ಚಪ್ಪಾಳೆ ಸಾರ್ ಅವನ ಹೆಗಲ ಮೇಲೆ ಕೈಯಿಟ್ಟು, "ನಿಮ್ಮಂಥವರಿಂದಲೇ ಈ ಸಂಸ್ಥೆ ನಿಂತಿದೆ" ಎಂದು ಓದಿ ಕಾರ್ಡು ಕೊಟ್ಟರು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. ಕಣ್ಣೊರೆಸಿಕೊಂಡ. ಒದ್ದೆ ಕೈ ತಾಗಿ ಕಾರ್ಡಿನ ಬಣ್ಣ ಹೋದೀತೆಂದು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಯ ಜೇಬಿನಲ್ಲಿಟ್ಟ. ಹೆಂಡತಿ ಅದಕ್ಕೆ ಕಟ್ಟು ಹಾಕಿಸಿ ಮುಂದಿನ ಕೋಣೆಯಲ್ಲಿ ತೂಗುಹಾಕಿದಳಂತೆ.

ಆ ದಿನ ಮನೆಗೆ ನಡೆದು ಬರುವಾಗ ಅತ್ತೆಯ ಮುಖ ಗಂಟು ಹಾಕಿಕೊಂಡಿತ್ತು.

"ಏನತ್ತೆ, ಹೊಟ್ಟೆ ಉರೀತಾ?" ಎಂದು ನಾನು ಕೆಣಕಿದೆ. ಕೆಣಕದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

"ಹೂಂ ಕಣೇ, ಉರೀತು," ಅಂದರು. "ಅವನು ಅತ್ತ. ಅಷ್ಟು ದಿನದಿಂದ ಕಾದಿದ್ದಾನೆ ಅಂತ ತಾನೇ ಅರ್ಥ? ಗೋಡೆ ಆ ಕಡೆ ನಾನು ಇಣುಕಿಯೂ ನೋಡ್ಲಿಲ್ಲ. ಆ ಮನುಷ್ಯನಿಗೆ ಇರೋ ಬುದ್ಧಿ ನನಗೆ ಬರ್ಲಿಲ್ಲ."

ಮ್ಯಾನೇಜರನ್ನು ಅತ್ತೆ ಮೆಚ್ಚಿದ್ದು ಅದೇ ಮೊದಲು. ಮಾರನೆಯ ದಿನ ಊಟದ ಬಿಡುವಿನಲ್ಲಿ ಕುಂಟುತ್ತಾ ಗೋಡೆಯ ಆ ಕಡೆಗೆ ಹೋದರು. ಡ್ರಮ್ಮಣ್ಣ ಗಾಬರಿಯಾಗಿ ಒಂದು ಬಕೆಟ್ಟು ಬೋರಲು ಹಾಕಿ ಕೂರಲು ಕೊಟ್ಟನಂತೆ, ಇವರು ಕೂರಲಿಲ್ಲ. ಆ ವಾರವೆಲ್ಲ ದಿನಾ ಹೋದರು. ಬಂದು ನನಗೆ ಏನನ್ನೂ ಹೇಳಲಿಲ್ಲ. ನೋಡಿ ಮುಗಿಯದೆ ಹೇಳುವವರಲ್ಲವಲ್ಲ.

ಮುಂದಿನ ಶುಕ್ರವಾರ ವಾರದ ತಾರೆ ಗೇಟಿನ ಕಾವಲುಗಾರ. ಚಪ್ಪಾಳೆ ಸಾರ್ ಅವನ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮಂಥವರಿಂದಲೇ ಈ ಸಂಸ್ಥೆ ನಿಂತಿದೆ" ಎಂದು ಓದಿದರು. ಒಂದು ಅಕ್ಷರ ಆಚೆ ಇಲ್ಲ, ಈಚೆ ಇಲ್ಲ. ನಾವು ಚಪ್ಪಾಳೆ ತಟ್ಟಿದೆವು. ನಾನು ತಿರುಗಿ ಡ್ರಮ್ಮಣ್ಣನನ್ನು ನೋಡಿದೆ. ಅವನೂ ತಟ್ಟುತ್ತಿದ್ದ. ಒಂದು ಸಲ, ಎರಡು ಸಲ. ಆಮೇಲೆ ಕೈ ನಿಂತಿತು. ಎದೆಯ ಜೇಬನ್ನು ಮುಟ್ಟಿಕೊಂಡ, ಅದು ಖಾಲಿ ಎಂದು ನೆನಪಾಗಿ ಕೈ ಕೆಳಗಿಳಿಸಿದ. ನನಗೆ ಆ ಮುಖ ನೋಡಲಾಗಲಿಲ್ಲ. ಮೈಯೆಲ್ಲ ಪರಚಿಕೊಳ್ಳುವಷ್ಟು ಸಿಟ್ಟು ಬಂತು. ಏನೂ ಕೊಡದಿದ್ದರೆ ಇಲ್ಲ ಎಂದಾದರೂ ಇರುತ್ತಿತ್ತು. ಕೊಟ್ಟು ಕಿತ್ತುಕೊಂಡ ಹಾಗಾಯಿತಲ್ಲ, ಅದೂ ಕಿತ್ತುಕೊಂಡವರಿಗೇ ಗೊತ್ತಿಲ್ಲದ ಹಾಗೆ.

ಸಭೆ ಮುಗಿದ ಮೇಲೆ ಚಪ್ಪಾಳೆ ಸಾರ್ ಅತ್ತೆಯನ್ನು ಕೋಣೆಗೆ ಕರೆದರು. ಮುಂದಿನ ಶುಕ್ರವಾರ ಇಸ್ತ್ರಿ ಹಾಲಿನ ಸರದಿ. ತಾರೆ ಉದ್ದಜಡೆ. ಹಾಲಿನ ಮುಖ್ಯಸ್ಥೆಯೇ ವೇದಿಕೆಯಲ್ಲಿ ನಿಂತು ಓದಬೇಕು. ಓದಬೇಕಾದ ಸಾಲನ್ನು ಆಗಲೇ ಅಚ್ಚು ಮಾಡಿ ಕೈಗೆ ಕೊಟ್ಟರು. ಯಾವ ಸಾಲು ಎಂದು ನಾನು ಹೇಳಬೇಕಾಗಿಲ್ಲ. "ಇದೊಂದು ಮಾಡಿ, ನಿಮ್ಮ ಮೇಲಿನ ದೂರು ನಾನೇ ಅಳಿಸಿ ಹಾಕ್ತೀನಿ. ಇಲ್ಲದಿದ್ರೆ ಹಾಲಿನ ಮೇಲ್ವಿಚಾರಣೆ ಬೇರೆಯವರಿಗೆ ವಹಿಸಬೇಕಾಗುತ್ತೆ. ನನ್ನ ಕೈಯಲ್ಲೂ ಇಲ್ಲ ಅಮ್ಮಾ," ಎಂದರಂತೆ.

ಸುದ್ದಿ ಹಾಲಿಗೆ ಬಂದದ್ದೇ ಉದ್ದಜಡೆ ಅತ್ತೆಯ ಸೆರಗು ಹಿಡಿದುಕೊಂಡಳು. "ದಮ್ಮಯ್ಯ, ನನ್ನನ್ನ ಎಲ್ಲರ ಮುಂದೆ ನಿಲ್ಲಿಸಬೇಡಿ. ನಾನು ರಜಾ ಹಾಕ್ತೀನಿ" ಎಂದು ಅಳತೊಡಗಿದಳು. ಹೊಗಳಿಕೆಗೆ ಹೆದರಿ ರಜೆ ಹಾಕುವ ಗತಿ!

ಮನೆಯಲ್ಲಿ ಆ ವಾರ ರಣರಂಗ. ಗಂಡ ಲಿಫ್ಟ್ ರಿಪೇರಿ ಮಾಡುವವರು, ಯಾವುದಕ್ಕೂ ತಲೆ ಕೆಡಿಸಿಕೊಳ್ಳುವವರಲ್ಲ. "ಅಮ್ಮಾ, ಬಾಯ್ಮಾತಿಗೇನು ತೆರಿಗೆನಾ? ಒಂದು ಸಾಲು ಓದ್ಬಿಟ್ಟು ಬಾ" ಅಂದರು.

ನಾನೂ ಅವರ ಪಕ್ಷವೇ. ಹೌದು, ನಾನೇ. ಅಷ್ಟು ಸಿಟ್ಟು ಬಂದಿದ್ದವಳು ಅತ್ತೆಯ ಊದಿದ ಮಂಡಿ ನೋಡಿ ಪ್ಲೇಟು ಬದಲಿಸಿದೆ. "ಓದಿಬಿಡಿ ಅತ್ತೆ. ಅವಳಿಗೆ ಆಮೇಲೆ ನಲ್ಲಿ ಹತ್ರ ನಿಜ ಹೇಳಿ. ಬೆಳಗಿಂದ ಸಂಜೆವರೆಗೆ ನಿಂತು ಬಂದ್ರೆ ಮಂಡಿ ನೀವೋಳು ಯಾರು, ಚಪ್ಪಾಳೆ ಸಾರಾ?"

ಅತ್ತೆ ಬಿಸಿನೀರಿನ ಬಟ್ಟೆಯನ್ನು ಮಂಡಿಗೆ ಒತ್ತಿಕೊಂಡು ಕೂತಿದ್ದರು. "ನಿಲ್ಲೋಕೆ ನನಗೂ ಇಷ್ಟ ಇಲ್ಲ ಕಣೇ," ಅಂದರು. "ಆ ಕುರ್ಚಿ ಬಿಡೋದು ಅಂದ್ರೆ ಈಗ್ಲೇ ನೋವು ಶುರುವಾಗುತ್ತೆ. ಆದ್ರೆ ಯೋಚ್ನೆ ಮಾಡು. ನಾನು ಅದನ್ನ ಓದಿದ್ರೆ ಆ ಹುಡುಗಿ ಏನು ಅಂದ್ಕೋತಾಳೆ? ನಲ್ಲಿ ಹತ್ರ ಹೇಳಿದ್ದೂ ಇಂಥದ್ದೇ ಇರ್ಬೇಕು ಅಂದ್ಕೋತಾಳೆ. ಇಷ್ಟು ವರ್ಷ ಆ ಹಾಲಿನಲ್ಲಿ ಒಬ್ಬೊಬ್ಬರಿಗೂ ನಾನು ಹೇಳಿದ್ದೆಲ್ಲ ಒಂದೇ ಏಟಿಗೆ ಸುಳ್ಳಾಗುತ್ತೆ. ಅವರ ಹತ್ರ ಇರೋದನ್ನ ನಾನು ಹೇಗೆ ಕಿತ್ಕೊಳ್ಲಿ?"

ಮಾತಿನಲ್ಲಿ ಸೋತಾಗ ನಾನು ಪಾತ್ರೆಗಳ ಮೇಲೆ ಸಿಟ್ಟು ತೀರಿಸುತ್ತೇನೆ. ಆ ದಿನ ಎರಡು ತಟ್ಟೆ ನೆಗ್ಗಿದವು.

ಶುಕ್ರವಾರ ಬಂತು. ಸಭೆ ನಡೆಯುವುದು ಬಟ್ಟೆ ಇಳಿಸುವ ಅಂಗಳದಲ್ಲಿ. ಖಾಲಿ ಬುಟ್ಟಿಗಳನ್ನು ಗೋಡೆಗೆ ಒತ್ತಿ ಜಾಗ ಮಾಡಿದ್ದರು. ಉದ್ದಜಡೆ ರಜೆ ಹಾಕಿರಲಿಲ್ಲ, ಎಲ್ಲರ ಹಿಂದೆ ಜಡೆಯ ತುದಿ ಕಚ್ಚಿಕೊಂಡು ನಿಂತಿದ್ದಳು. ಅತ್ತೆ ಮೆಟ್ಟಿಲು ಹತ್ತಿ ವೇದಿಕೆಯ ಮೇಲೆ ನಿಂತರು. ಚಪ್ಪಾಳೆ ಸಾರ್ ಮುಗುಳ್ನಕ್ಕು ಕಾಗದ ಕೊಟ್ಟರು. ಅತ್ತೆ ಅದನ್ನು ಓದಿ, ಚಾದರ ಮಡಿಸುವ ಹಾಗೆ ಅಂಚಿಗೆ ಅಂಚು ಸೇರಿಸಿ ಮಡಿಸಿ, ಅವರ ಕೈಗೇ ವಾಪಸು ಕೊಟ್ಟರು.

"ಇದನ್ನ ನಾನು ಓದಲ್ಲ ಸಾರ್. ಆ ಹುಡುಗಿಗೆ ಹೇಳೋದನ್ನ ಹೇಳಾಗಿದೆ, ಅವಳಿಗೆ ಬೇಕಾದ ಕಡೆ. ಇವತ್ತು ನಾನು ಡ್ರಮ್ಮಣ್ಣನಿಗೆ ಹೇಳ್ಬೇಕು."

"ಅವರಿಗೆ ಆಗಲೇ ಕೊಟ್ಟಾಗಿದೆಯಲ್ಲ ಅಮ್ಮಾ," ಎಂದರು ಚಪ್ಪಾಳೆ ಸಾರ್ ತಗ್ಗಿದ ದನಿಯಲ್ಲಿ.

"ಕಾರ್ಡು ಕೊಟ್ಟಿದ್ದೀರಿ. ಹೇಳಿಲ್ಲ."

ಅತ್ತೆ ಡ್ರಮ್ಮಣ್ಣ ನಿಂತಿದ್ದ ಕಡೆಗೆ ತಿರುಗಿದರು. "ನೋಡ್ದೆ ಕಣಪ್ಪಾ. ಡ್ರಮ್ಮು ತಿರುಗೋವಾಗ ಬಾಗಿಲ ಮೇಲೆ ಅಂಗೈ ಇಟ್ಟಿರ್ತೀಯ. ಭಾರ ಒಂದು ಕಡೆ ಸೇರ್ತು ಅಂತ ಕೈಗೆ ತಿಳಿದ ತಕ್ಷಣ ನಿಲ್ಲಿಸ್ತೀಯ, ಬಿಚ್ಚಿ ಹರಡಿ ಮತ್ತೆ ಹಾಕ್ತೀಯ. ಹಾಗೆ ಮಾಡದಿದ್ರೆ ಚಾದರ ಎಲ್ಲಾ ಹಗ್ಗದ ಥರ ಹೊಸೆದು ಬರುತ್ತೆ. ಆಮೇಲೆ ಒಂದೊಂದನ್ನೂ ಕೊಡವಿ, ಅಂಚು ಮೇಲೆ ಬರೋ ಹಾಗೆ ಬುಟ್ಟಿಗೆ ಹಾಕ್ತೀಯ. ನಾವು ಈ ಕಡೆ ಅಂಚು ಹಿಡಿದು ಎಳೆದ್ರೆ ಸಾಕು, ಮೇಜಿನ ಮೇಲೆ ಹರಡುತ್ತೆ. ಅದನ್ನ ಮಷೀನೇ ಮಾಡುತ್ತೆ ಅಂದ್ಕೊಂಡಿದ್ದೆ ನಾನು. ನನ್ನ ಹಾಲಿನ ಇಸ್ತ್ರಿ ಚೆನ್ನಾಗಿದೆ ಅಂತ ಆಸ್ಪತ್ರೆಯೋರು ಅಂದಾಗೆಲ್ಲ ಬೀಗ್ತಿದ್ದೆ. ಅದರಲ್ಲಿ ಅರ್ಧ ನಿನ್ನದು."

ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟಬೇಕೆಂದು ತೋಚಲೂ ಇಲ್ಲ. ನಾವೆಲ್ಲ ಡ್ರಮ್ಮಣ್ಣನ ಅಂಗೈಯನ್ನೇ ನೋಡುತ್ತಿದ್ದೆವು. ಅವನೂ ಅದನ್ನೇ ನೋಡಿಕೊಳ್ಳುತ್ತಿದ್ದ. ಈ ಸಲ ಅವನು ಅಳಲಿಲ್ಲ. ತಲೆಯೆತ್ತಿ ಅತ್ತೆಗೆ, "ಅಂಚು ಮೇಲೆ ಹಾಕೋದು ನಾನೇ ಕಂಡ್ಕೊಂಡಿದ್ದು ಅಕ್ಕಾ, ಯಾರೂ ಹೇಳಿಕೊಟ್ಟಿದ್ದಲ್ಲ" ಎಂದ. ಅವನ ದನಿ ಅಷ್ಟು ದೊಡ್ಡದೆಂದು ನಮಗೆ ಗೊತ್ತೇ ಇರಲಿಲ್ಲ.

ಅಲ್ಲಿಗೆ ಅತ್ತೆಯ ಕುರ್ಚಿ ಹೋಯಿತು. ಸಂಜೆಯೊಳಗೆ ಆದೇಶ ಬಂತು, ಸೋಮವಾರದಿಂದ ಜಾರಿ. ಹಾಲಿನ ಹೊಸ ಮುಖ್ಯಸ್ಥ ಉಗ್ರಾಣದಲ್ಲಿದ್ದ ಒಬ್ಬ ಮಹಾಶಯ. ಮೇಲಿನವರು ಏನೇ ಹೇಳಿದರೂ "ಹೂಂ ಸಾರ್" ಎನ್ನುವುದರಿಂದ ಅವನ ಹೆಸರೇ ಹೂಂಸಾರ್. ಅತ್ತೆಗೆ ಬಾಗಿಲ ಪಕ್ಕದ ಮೇಜು, ಒಂದು ಇಸ್ತ್ರಿಪೆಟ್ಟಿಗೆ. ಸೋಮವಾರ ಬೆಳಿಗ್ಗೆ ಅವರು ಸೆರಗು ಸಿಕ್ಕಿಸಿ ಮೇಜಿನ ಮುಂದೆ ನಿಂತರು. ನಾನು ಒಂದು ಸ್ಟೂಲು ತಂದಿಟ್ಟೆ. ನಿಯಮ ಎಂದು ಹೂಂಸಾರ್ ಅದನ್ನು ತೆಗೆಸಿದ. ತೇಪೆಗೂ ಲಾಯಕ್ಕಿಲ್ಲದ ಹಳೆಯ ಚಾದರಗಳನ್ನು ದಪ್ಪಗೆ ಮಡಿಸಿ ಅತ್ತೆಯ ಕಾಲಡಿಗೆ ಹಾಕಿದೆ. ನೆಲದ ಮೇಲೆ ಬಟ್ಟೆ ಇಡಬಾರದು ಎಂದು ಅದಕ್ಕೂ ಬಾಯಿ ತೆರೆದ. "ತೆಗೆಸಿ ನೋಡೋಣ" ಅಂದೆ. ತೆಗೆಸಲಿಲ್ಲ.

ಆಮೇಲೆ ಅವನು ಬೆಳಗಿನ ಸುತ್ತು ಶುರು ಮಾಡಿದ. ಮೊದಲ ಮೇಜು ಅತ್ತೆಯದೇ.

"ಸೂಪರ್ ಅಮ್ಮಾ!"

ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು. "ಏನು ಸೂಪರ್?"

ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿದ್ದವರ ಹಾಗೆಯೇ ಕೇಳಿದರು. ಹೂಂಸಾರ್ ಮೇಜು ನೋಡಿದ, ಅತ್ತೆಯನ್ನು ನೋಡಿದ. "ಎಲ್ಲಾನೂ," ಅಂದ.

"ಎಲ್ಲಾನೂ ಅಂದ್ರೆ ಯಾವುದು? ಈ ಕಾಲರಾ, ತೋಳಾ? ಒಂದು ತೋರ್ಸಪ್ಪಾ, ನಾಳೆನೂ ಹಾಗೇ ಮಾಡ್ತೀನಿ."

ಅವನು ಹಲ್ಲುಕಿರಿದು ಮುಂದಿನ ಮೇಜಿಗೆ ಜಾರಿದ. "ಸೂಪರ್!" ಅಲ್ಲಿದ್ದವಳು ಅತ್ತೆಯ ಕಡೆ ಒಂದು ಸಲ ನೋಡಿ, "ನಂದೇನು ಸೂಪರ್?" ಎಂದಳು. ಅದರ ಮುಂದಿನವನು ಹೂಂಸಾರ್ ಬಾಯಿ ತೆರೆಯುವ ಮೊದಲೇ, "ನಂದೂ ಹೇಳ್ಬಿಡಿ, ಏನು ಅಂತ" ಎಂದ. ಎರಡೂ ಸಾಲು ಹೀಗೇ. ಕೊನೆಗೆ ಕಿಟಕಿಯ ಹತ್ತಿರ ಉದ್ದಜಡೆ. ಅವಳು ಕೆಂಪಾದಳು, ತಲೆ ತಗ್ಗಿಸಿದಳು, ಆದರೂ ಸಣ್ಣ ದನಿಯಲ್ಲಿ, "ಯಾವುದು ಅಂತ ಗೊತ್ತಾದ್ರೆ ಒಳ್ಳೇದಿತ್ತು ಅಣ್ಣಾ" ಅಂದೇಬಿಟ್ಟಳು. ನನ್ನ ಮೂಲೆಗೆ ಬರುವ ಧೈರ್ಯವನ್ನು ಹೂಂಸಾರ್ ಮಾಡಲಿಲ್ಲ. ನಾನು ಕಾದುಕೊಂಡು ಕೂತಿದ್ದೆ, ಛೆ!

ಮಂಗಳವಾರವೂ ಇದೇ, ಬುಧವಾರವೂ ಇದೇ. ಯಾರೂ ಕೆಲಸ ನಿಲ್ಲಿಸಲಿಲ್ಲ, ದನಿ ಏರಿಸಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ. ಶಿಸ್ತಿನ ಕ್ರಮ ತೆಗೆದುಕೊಳ್ಳೋಣವೆಂದರೆ ಅಪರಾಧ ಏನೆಂದು ಹೇಳುವುದು? ಹೊಗಳಿದಾಗ ಕೇಳಿಸಿಕೊಂಡರು ಎಂದೇ? ಗುರುವಾರ ಹೂಂಸಾರ್ ಸುತ್ತು ಹೊಡೆಯಲು ಬರಲೇ ಇಲ್ಲ. ಅವನ ಬದಲು ಚಪ್ಪಾಳೆ ಸಾರ್ ಖುದ್ದಾಗಿ ಬಂದರು. ಬಾಗಿಲಲ್ಲಿ ನಿಂತು, ಅತ್ತೆಯ ಕಾಲಡಿಯ ಚಾದರಗಳನ್ನು ನೋಡಿದರು. ಮುಖ ಸಣ್ಣದಾಗಿತ್ತು.

"ಇದೆಲ್ಲ ಯಾಕಮ್ಮಾ? ನಿಮಗೆಲ್ಲ ಒಳ್ಳೇದಾಗ್ಲಿ ಅಂತ ತಾನೇ ನಾನು..."

"ಗೊತ್ತು ಸಾರ್," ಅಂದರು ಅತ್ತೆ. "ಡ್ರಮ್ಮಣ್ಣನ್ನ ಮೊದಲು ಕರೆದೋರು ನೀವೇ. ನಾನು ಕರೀಲಿಲ್ಲ. ಅದನ್ನ ನೋಡಿದೀನಿ. ಆದ್ರೆ ಕರೆದು ಏನು ಕೊಟ್ರಿ, ಅದನ್ನ ಅವನನ್ನೇ ಕೇಳಿ."

ಚಪ್ಪಾಳೆ ಸಾರ್ ಗೋಡೆಯ ಆ ಕಡೆಗೆ ನಡೆದರು. ನಾನು ಹರಿದ ಚಾದರ ತರುವ ನೆವದಲ್ಲಿ ಹಿಂದೆಯೇ ಹೋದೆ. ಅತ್ತೆ ಕಿಂಡಿಯ ಹತ್ತಿರ ಬಗ್ಗಿ ನಿಂತರು, ಆ ಮಂಡಿಯಲ್ಲಿ! ಡ್ರಮ್ಮಣ್ಣ ಹೊಸ ಲೋಡು ತುಂಬಿ, ಬಾಗಿಲು ಹಾಕಿ, ಡ್ರಮ್ಮು ಶುರು ಮಾಡಲು ಸ್ವಿಚ್ಚಿಗೆ ಕೈಯಿಟ್ಟಿದ್ದ. ಸಾರ್ ಬಂದದ್ದು ನೋಡಿ ಸ್ವಿಚ್ಚಿನ ಮೇಲಿಟ್ಟ ಕೈಯನ್ನು ಹಾಗೇ ಇಟ್ಟುಕೊಂಡ.

"ಏನೂ ಬೇಜಾರಿಲ್ಲ ತಾನೇ?" ಎಂದರು ಚಪ್ಪಾಳೆ ಸಾರ್. ನಿಜವಾಗಿಯೂ ಕಳವಳದಲ್ಲೇ ಇದ್ದರು, ಆದರೆ ಬಾಯಿಗೆ ಅಭ್ಯಾಸವಾಗಿಹೋದದ್ದು ತಾನಾಗಿಯೇ ಹೊರಬಿತ್ತು. "ನೋಡಿ, ನಿಮ್ಮಂಥವರಿಂದಲೇ ಈ ಸಂಸ್ಥೆ..."

"ನಮ್ಮಂಥವ್ರು ಅಂದ್ರೆ ಎಂಥವ್ರು ಸಾರ್?"

ಡ್ರಮ್ಮುಗಳೆಲ್ಲ ನಿಂತಿದ್ದವು. ಕಿಂಡಿಯಾಚೆ ಇಸ್ತ್ರಿ ಮಾಡುವವರೂ ಕೈ ನಿಲ್ಲಿಸಿದ್ದರು.

ಚಪ್ಪಾಳೆ ಸಾರ್ ಡ್ರಮ್ಮನ್ನು ನೋಡಿದರು, ಬುಟ್ಟಿಯನ್ನು ನೋಡಿದರು, ಡ್ರಮ್ಮಣ್ಣನ ಮುಖವನ್ನು ನೋಡಿದರು. ಅತ್ತೆ ಅಂಗಳದಲ್ಲಿ ಹೇಳಿದ್ದನ್ನೇ ಹೇಳಿ ಪಾರಾಗಬಹುದಿತ್ತು. ಹಾಗೆ ಮಾಡಲಿಲ್ಲ, ಅಷ್ಟರಮಟ್ಟಿಗೆ ಅವರ ಮೇಲೆ ನನಗೆ ಮರ್ಯಾದೆ ಇದೆ.

"ನನಗೆ ಗೊತ್ತಿಲ್ಲ," ಎಂದರು.

"ಗೊತ್ತಾದ್ಮೇಲೆ ಬಂದು ಹೇಳಿ ಸಾರ್," ಎಂದ ಡ್ರಮ್ಮಣ್ಣ. "ನಾನಿಲ್ಲೇ ಇರ್ತೀನಿ."

ಸ್ವಿಚ್ಚು ಒತ್ತಿದ.